ಲೈನ್ ಕ್ಲಿಯರ್ ಕೇಳಿ ಕಂಬ ಹತ್ತುತ್ತಿದ್ದವರು

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಮಣ್ಣಿನ ಕೆಳಗಿದ್ದರೂ ಬರುತ್ತದೆ. ಒಂದು ಮಳೆಗಾಲದಲ್ಲಿ ಹೊಳೆ ದಾಟಿ ಹೋಗಿ ಲೈನ್ ಸರಿ ಮಾಡಿದರು ಅಂತ ಪೇಪರಿನವರೊಬ್ಬರು ಫೋಟೊ ತೆಗೆಯಲು ಬಂದಿದ್ದರು. ‘ಕಂಬದ್ದು ತೆಗೀರಿ, ನಿಂತಿರೋದು ಅದು’ ಅಂದು ಬೈಕ್ ಹತ್ತಿ ಹೊರಟೇಬಿಟ್ಟರು. ಪೇಪರಿನವರು ನಿಜವಾಗಿಯೂ ಕಂಬದ ಫೋಟೊ ಹಾಕಿದರು.

ಹೋದ ತಿಂಗಳು ಕಾರ್ಗಲ್ಲಿನಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಚರ್ಚಿನಲ್ಲಿ ಫಾದರ್ ಒಳ್ಳೆಯ ಮಾತುಗಳನ್ನೇ ಆಡಿದರು. ದೈವಭಕ್ತರು, ಸರಳ ಜೀವಿ, ಕರ್ತವ್ಯದಲ್ಲಿ ದೇವರನ್ನು ಕಂಡವರು. ಎಲ್ಲ ಸರಿ. ಆದರೆ ಇಂಥ ಮಾತು ಎಲ್ಲರ ಸಾವಿನಲ್ಲೂ ಕೇಳಿದ್ದೇನೆ, ನನಗೆ ಸಮಾಧಾನವಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಪಾಪ ಇವರಿಗೆ ಎಷ್ಟು ಗೊತ್ತು, ಅಂದುಕೊಂಡೆ. ನನಗೆ ಗೊತ್ತಿರುವುದನ್ನು ಹೇಳಬೇಕೆಂದರೆ ನನ್ನ ಮರ್ಯಾದೆಯನ್ನೂ ಒಂದಿಷ್ಟು ಹರಾಜಿಗಿಡಬೇಕಾಗುತ್ತದೆ. ಇಡುತ್ತೇನೆ, ಬಿಡಿ. ವಯಸ್ಸಾಯಿತು.

ನಾನು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ತೀರ್ಥಹಳ್ಳಿ ಕಡೆಯವನು, ಕೆಲಸಕ್ಕೆ ಸೇರಿದ್ದು ಮಾತ್ರ ಹೊಸನಗರ ತಾಲ್ಲೂಕಿನಲ್ಲಿ. ಅವರು ಅಲ್ಲಿ ಲೈನ್‌ಮನ್, ಘಾಟಿ ಕಡೆಗೆ ಹೋಗುವ ಲೈನು ಅವರದ್ದು. ಅವರ ಅಪ್ಪ ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗ ಘಟ್ಟದ ಕೆಳಗಿನಿಂದ ಕೂಲಿಗೆ ಬಂದು ಕಾರ್ಗಲ್ಲಿನಲ್ಲೇ ನಿಂತವರಂತೆ. ಮನೆಯಲ್ಲಿ ಕೊಂಕಣಿ, ಹೊರಗೆ ನಮ್ಮ ಮಲೆನಾಡಿನ ಕನ್ನಡ, ಕಂಬದ ಮೇಲೆ ಹಾಡು. ಹಾಡು ಅಂದರೆ ಚರ್ಚಿನ ಹಾಡು, ಅದರ ರಾಗ ಯಾವುದೆಂದು ದೇವರೊಬ್ಬನಿಗೇ ಗೊತ್ತಾಗುತ್ತಿತ್ತು. ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ಅಣ್ಣ ಅಂತಿದ್ದೆ. ಅವರು ನನಗೆ ಸರ್ ಅಂತಿದ್ದರು, ಸಿಟ್ಟು ಬಂದಾಗ ಮಾತ್ರ ಮಾರಾಯ್ರೆ.

ನಮ್ಮ ಕೆಲಸದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಕಂಬ ಹತ್ತುವ ಮೊದಲು ಲೈನ್‌ಮನ್ ಸ್ಟೇಷನ್ನಿಗೆ ಫೋನ್ ಮಾಡಿ ‘ಲೈನ್ ಕ್ಲಿಯರ್’ ಕೇಳುತ್ತಾನೆ. ನಾವು ಬಾಯಲ್ಲಿ ಎಲ್‌ಸಿ ಅನ್ನುತ್ತೇವೆ. ಆಪರೇಟರ್ ಆ ಲೈನಿನ ಕರೆಂಟ್ ತೆಗೆದು, ಪುಸ್ತಕದಲ್ಲಿ ಲೈನ್‌ಮನ್ನಿನ ಹೆಸರು, ಗಂಟೆ ಬರೆದು, ಆಮೇಲೆ ‘ಕೊಟ್ಟಿದ್ದೇನೆ’ ಅನ್ನಬೇಕು. ಕೆಲಸ ಮುಗಿಸಿ ಕೆಳಗಿಳಿದ ಮೇಲೆ ಅದೇ ಮನುಷ್ಯ ಮತ್ತೆ ಫೋನ್ ಮಾಡಿ ಎಲ್‌ಸಿ ವಾಪಸ್ ಕೊಡುವ ತನಕ ಲೈನಿಗೆ ಕರೆಂಟ್ ಬಿಡುವ ಹಾಗಿಲ್ಲ. ಇಷ್ಟೇ ಕಾನೂನು. ಹತ್ತು ಕಿಲೋಮೀಟರ್ ಆಚೆ, ಮುಖ ಕಾಣದ ಒಬ್ಬ ಮನುಷ್ಯನ ಮಾತಿನ ಮೇಲೆ ಇನ್ನೊಬ್ಬ ಬರಿಗೈಯಲ್ಲಿ ತಂತಿ ಮುಟ್ಟುತ್ತಾನೆ.

ಎಲ್‌ಸಿ ಸಿಕ್ಕಿದ್ದೇ ತಡ ಬೇರೆಯವರು ಹತ್ತಿಬಿಡುತ್ತಿದ್ದರು. ಇವರು ಹಾಗಲ್ಲ. ಕಂಬದ ಬುಡದಲ್ಲಿ ಒಂದು ಕೈ ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಶಿಲುಬೆ ಗುರುತು ಹಾಕಿಕೊಳ್ಳುವುದು. ಆಮೇಲೆ ಹೆಗಲಿನ ಚೀಲದಿಂದ ತಾಮ್ರದ ಸರಪಳಿ ತೆಗೆದು ನೆಲಕ್ಕೊಂದು ಗೂಟ ಹೊಡೆಯುವುದು, ಕೋಲಿನಿಂದ ಮೂರೂ ತಂತಿಗೆ ಆ ಸರಪಳಿಯ ಕೊಕ್ಕೆ ಸಿಕ್ಕಿಸಿ ಭೂಮಿಗೆ ಜೋಡಿಸುವುದು. ಯಾರಾದರೂ ತಪ್ಪಿ ಕರೆಂಟ್ ಬಿಟ್ಟರೂ ಅದು ನೆಲಕ್ಕಿಳಿದು ಹೋಗಬೇಕು, ಮೇಲಿದ್ದವನ ಮೈಗೆ ಬರಬಾರದು. ಅರ್ತಿಂಗ್ ಅಂತಾರೆ ಅದಕ್ಕೆ. ಕಾನೂನಿನ ಪ್ರಕಾರ ಎಲ್ಲರೂ ಮಾಡಬೇಕಾದ್ದೇ. ಆದರೆ ಐದು ನಿಮಿಷದ ಕೆಲಸಕ್ಕೆ ಹದಿನೈದು ನಿಮಿಷದ ಅರ್ತಿಂಗ್ ಯಾರು ಮಾಡುತ್ತಾರೆ? ಅಷ್ಟರಲ್ಲಿ ನಾವು ಕೆಲಸ ಮುಗಿಸಿ ಟೀ ಕುಡಿದು ಬರ್ತೀವಿ ಅಂತ ಉಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ದೇವರನ್ನು ನಂಬಿದ ಮೇಲೆ ಸರಪಳಿ ಯಾತಕ್ಕೆ ಅಂತ ಒಮ್ಮೆ ಕೆಣಕಿದೆ. ನಂಬೋದು ಬೇರೆ, ಪರೀಕ್ಷೆ ಮಾಡೋದು ಬೇರೆ, ಸರಪಳಿ ಹಾಕದೆ ಹತ್ತಿದ್ರೆ ಅವನನ್ನ ಪರೀಕ್ಷೆ ಮಾಡಿದ ಹಾಗೆ, ಅಂದರು.

ಹಾಗಾದರೆ ಕಣ್ಣು ಮುಚ್ಚಿ ಏನು ಬೇಡಿಕೊಳ್ಳುತ್ತೀರಿ ಅಂತ ಕೇಳಿದ್ದೆ. ಬೇಡೋದು ಎಂತದೂ ಇಲ್ಲವಂತೆ. ಯಾರ ಕೆಲಸಕ್ಕೆ ಹತ್ತುತ್ತಿದ್ದೇನೆ ಅಂತ ಒಂದ್ಸಲ ನೆನಪು ಮಾಡಿಕೊಳ್ಳೋದಂತೆ. ಶಾಖಾಧಿಕಾರಿಗಳ ಕೆಲಸಕ್ಕೆ, ಮತ್ಯಾರ ಕೆಲಸಕ್ಕೆ, ಅಂದೆ. ‘ಅವರು ಬುಡದಲ್ಲಿ ನಿಂತು ನೋಡೋದಿಲ್ಲವಲ್ಲ ಸರ್’ ಅಂತ ನಕ್ಕರು.

ಸಂತ ಅಂತ ತಿಳಿಯಬೇಡಿ. ತಂತಿ ಜಾರದಂತೆ ಇನ್ನೊಬ್ಬರು ಕಟ್ಟಿದ ಬೈಂಡಿಂಗ್ ಸಡಿಲವಾಗಿದ್ದರೆ ಬಿಚ್ಚಿ ಎಸೆದು, ಕಟ್ಟಿದವನನ್ನು ಕರೆಸಿ ಮತ್ತೆ ಕಟ್ಟಿಸುತ್ತಿದ್ದರು. ಅವರ ಕಟಿಂಗ್ ಪ್ಲೇಯರ್ ಯಾರಾದರೂ ಮುಟ್ಟಿದರೆ ಎರಡು ದಿನ ಮಾತಿಲ್ಲ. ಈಸ್ಟರಿನ ಮುಂಚಿನ ನಲವತ್ತು ದಿನ ತಪಸ್ಸು ಕಾಲ, ಆಗ ಶುಕ್ರವಾರ ಉಪವಾಸ ಮಾಡುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಯ ಮೇಲೆ ಅವರ ಹತ್ತಿರ ಹೋಗಲು ನಮಗೆಲ್ಲ ಭಯ. ಹೊಟ್ಟೆ ಖಾಲಿ ಇದ್ದಾಗ ಅಷ್ಟು ಸಿಡುಕುವವರು ಉಪವಾಸ ಬಿಡುವುದೇ ಪುಣ್ಯ ಅಲ್ಲವಾ ಅಂತ ಅವರ ಹೆಂಡತಿಯ ಹತ್ತಿರ ಹೇಳಿದರೆ, ‘ಮನೇಲಿ ಇದಕ್ಕಿಂತ ಜಾಸ್ತಿ’ ಅಂತ ಅಕ್ಕ ಜೋರಾಗಿ ನಕ್ಕಿದ್ದರು. ಕ್ರಿಸ್‌ಮಸ್ಸಿಗೆ ಆ ಅಕ್ಕ ಗುಲಾಬಿ ಹೂವಿನ ಆಕಾರದಲ್ಲಿ ಕರಿದ ತಿಂಡಿ, ಎಳ್ಳು-ಕಾಯಿ ತುಂಬಿದ ಕರ್ಜಿಕಾಯಿ ಒಂದು ಡಬ್ಬಿ ತುಂಬ ಸ್ಟೇಷನ್ನಿಗೆ ಕಳಿಸುತ್ತಿದ್ದರು. ಚೌತಿಗೆ, ದೀಪಾವಳಿಗೆ ನಾವೆಲ್ಲ ಊರಿಗೆ ಓಡಿದಾಗ ಡ್ಯೂಟಿಗೆ ನಿಲ್ಲುತ್ತಿದ್ದವರು ಇವರು. ಬದಲಿಗೆ ಭಾನುವಾರ ಬೆಳಿಗ್ಗೆ ಪೂಜೆಗೆ ಚರ್ಚಿಗೆ ಹೋಗಲು ಎರಡು ಗಂಟೆ ಬಿಡಬೇಕು, ಅಷ್ಟೇ ಅವರ ಕರಾರು.

ಇನ್ನೊಂದು ಹಟವಿತ್ತು. ಲೈನ್ ಸರಿಯಾಗಿ ಕರೆಂಟ್ ಬಿಟ್ಟ ಮೇಲೆ ಅವರು ಆ ಲೈನಿನ ಕೊನೆಯ ಮನೆಗೆ ಫೋನ್ ಮಾಡುತ್ತಿದ್ದರು. ಪ್ರತಿ ಲೈನಿನ ಕಟ್ಟಕಡೆಯ ಮನೆಯ ನಂಬರ್ ಅವರ ಜೇಬಿನ ಪುಸ್ತಕದಲ್ಲಿ ಇತ್ತು. ಹುಲಿಕಲ್ ಹತ್ತಿರ ಕಾಡಿನೊಳಗೆ ಒಂದೇ ಮನೆಗಾಗಿ ಹದಿನೇಳು ಕಂಬ ಹೋಗಿದೆ. ಆ ಮನೆಯಲ್ಲಿ ಬಲ್ಬ್ ಹತ್ತಿತು ಅಂತ ಅಲ್ಲಿಯ ಹೆಂಗಸು ಹೇಳುವ ತನಕ ಇವರು ಕೈ ತೊಳೆಯುತ್ತಿರಲಿಲ್ಲ. ಊರಿನ ಮಧ್ಯದವರು ಪಂಚಾಯ್ತಿ ಮೆಂಬರಿಂದ ಫೋನ್ ಮಾಡಿಸುತ್ತಾರೆ, ಕೊನೆಯ ಮನೆಯವರಿಗೆ ಯಾರಿದ್ದಾರೆ ಅನ್ನುತ್ತಿದ್ದರು.

ಮೊಣಕಾಲು ನೋವು ಶುರುವಾದಾಗ ಅವರಿಗೆ ಸಾಗರದ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಡಲು ಸಾಹೇಬರೇ ಮುಂದೆ ಬಂದರು. ಕಾರ್ಗಲ್ಲಿನ ಮನೆಗೂ ಹತ್ತಿರ. ಒಲ್ಲೆ ಅಂದರು. ನನಗಂತೂ ತಲೆ ಕೆಟ್ಟಿತು. ನಾನಾಗ ಮೂರು ಬೇರೆ ಬೇರೆ ಪರೀಕ್ಷೆಗೆ ಅರ್ಜಿ ಹಾಕಿಕೊಂಡು, ಈ ಸ್ಟೇಷನ್ನಿನಿಂದ ಯಾವಾಗ ಪಾರಾಗುತ್ತೇನೋ ಅಂತ ಕಾಯುತ್ತಿದ್ದವನು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು, ‘ಇಷ್ಟವಾದ ಕೆಲಸ ದೇವರು ಕೊಟ್ಟಿದಾನೆ ಸರ್. ಇನ್ನೊಂದು ಕೊಡು ಅಂದ್ರೆ ಇದು ಚೆನ್ನಾಗಿಲ್ಲ ಅಂದ ಹಾಗೆ ಆಗ್ತದೆ.’ ಇವರಿಗೆ ಲೋಕಜ್ಞಾನವಿಲ್ಲ ಅಂತ ತೀರ್ಮಾನಿಸಿದೆ. ಲೋಕಜ್ಞಾನ ಯಾರಿಗಿರಲಿಲ್ಲ ಅನ್ನುವುದು ಆ ಜೂನಿನಲ್ಲಿ ಗೊತ್ತಾಯಿತು.

ಹನ್ನೆರಡು ವರ್ಷದ ಹಿಂದಿನ ಮಾತು. ಪ್ರೊಬೇಷನ್ ಮುಗಿಯಲು ನನಗೆ ನಾಲ್ಕು ತಿಂಗಳು ಬಾಕಿ. ಮನೆಯಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು, ನನ್ನ ಕೆಲಸ ನೋಡಿಯೇ ಆ ಸಂಬಂಧ ಕೂಡಿ ಬಂದಿದ್ದು. ಮಧ್ಯಾಹ್ನದ ಹೊತ್ತಿಗೆ ಜೋರು ಗಾಳಿ ಬೀಸಿ ಘಾಟಿ ಲೈನು ಎರಡು ಕಡೆ ಕೈಕೊಟ್ಟಿತು. ಈಚೆ ಬದಿಯ ಕೆಲಸಕ್ಕೆ ಪಕ್ಕದ ಸೆಕ್ಷನ್ನಿನ ಇನ್ನೊಬ್ಬ ಲೈನ್‌ಮನ್ ಹೋಗಿ ಎಲ್‌ಸಿ ತೆಗೆದುಕೊಂಡ. ಬರೆದುಕೊಂಡೆ. ಅರ್ಧ ಗಂಟೆಯ ಮೇಲೆ ಆಚೆ ತುದಿಯಿಂದ ಇವರು ಫೋನ್ ಮಾಡಿ, ಅದೇ ಲೈನಿನ ಮೇಲೆ ತಮಗೂ ಒಂದು ಎಲ್‌ಸಿ ಕೇಳಿದರು. ಅಷ್ಟು ಹೊತ್ತಿಗೆ ಮೇಜಿನ ಮೇಲೆ ಇನ್ನೊಂದು ಫೋನ್ ಬಡಿದುಕೊಳ್ಳುತ್ತಿತ್ತು, ಕರೆಂಟ್ ಯಾವಾಗ ಬರ್ತದೆ ಅಂತ ಊರೆಲ್ಲ ಕೇಳುತ್ತಿತ್ತು. ‘ಲೈನ್ ಆಫ್ ಇದೆ ಅಣ್ಣ, ತಗೊಳ್ಳಿ, ಬರ್ಕೊಳ್ತೀನಿ’ ಅಂದು ಆ ಇನ್ನೊಂದು ಫೋನ್ ಎತ್ತಿಕೊಂಡೆ. ಬರೆದುಕೊಳ್ಳಲಿಲ್ಲ. ಮರೆತೇಹೋಯಿತು.

ಸ್ವಲ್ಪ ಹೊತ್ತಿಗೆ ಮೊದಲನೆಯವನು ಕೆಲಸ ಮುಗಿಸಿ ಎಲ್‌ಸಿ ವಾಪಸ್ ಕೊಟ್ಟ. ಪುಸ್ತಕದಲ್ಲಿ ಅವನೊಬ್ಬನದ್ದೇ ಹೆಸರು. ಎದ್ದು ಹೋಗಿ ಲೈನಿಗೆ ಕರೆಂಟ್ ಬಿಟ್ಟೆ.

ಬಿಟ್ಟ ಕ್ಷಣವೇ ಟ್ರಿಪ್ ಆಗಿ, ಅಂದರೆ ಕರೆಂಟ್ ತಾನೇ ಕಡಿದು, ಹೂಟರ್ ಕೂಗಿತು. ಕೂಗಿದ ಕೂಡಲೇ ನೆನಪಾಯಿತು. ಅವರ ಮೊಬೈಲಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದೆ. ಮತ್ತೆ ಅದೇ. ಇಪ್ಪತ್ತು ನಿಮಿಷ ಹಾಗೇ ಹೋಯಿತು.

ಆ ಇಪ್ಪತ್ತು ನಿಮಿಷದಲ್ಲಿ ನನ್ನ ತಲೆಯಲ್ಲಿ ಏನು ಓಡಿತು ಅಂತ ಈಗ ಹೇಳಿಬಿಡುತ್ತೇನೆ. ಮೊದಲು ಅಯ್ಯೋ ಅನ್ನಿಸಿತು, ಆ ಅಕ್ಕನ ಮುಖ ಕಣ್ಣ ಮುಂದೆ ಬಂತು. ಅದು ನಿಜ. ಆದರೆ ಆಮೇಲೆ ಮೇಜಿನ ಮೇಲೆ ತೆರೆದಿದ್ದ ಎಲ್‌ಸಿ ಪುಸ್ತಕ ಕಣ್ಣಿಗೆ ಬಿತ್ತು. ಅವರ ಹೆಸರಿಲ್ಲ. ಹೆಸರಿಲ್ಲ ಅಂದರೆ ಎಲ್‌ಸಿ ಕೊಟ್ಟೇ ಇಲ್ಲ. ಎಲ್‌ಸಿ ತಗೊಳ್ಳದೆ ಹತ್ತಿದ್ದರು, ಅವರದ್ದೇ ತಪ್ಪು ಅಂತ ಹೇಳಿದರೆ ಕೇಳುವವರು ಯಾರು? ನನಗೆ ಒಂದು ರೀತಿಯ ಸಮಾಧಾನವಾಯಿತು. ಹೌದು, ಸಮಾಧಾನ. ಆ ಮನುಷ್ಯ ಸತ್ತು ಕಂಬದಲ್ಲಿ ನೇತಾಡುತ್ತಿರಬಹುದು ಅನ್ನುವಾಗ ನಾನು ಪೆನ್ನು ಕೈಯಲ್ಲಿ ಹಿಡಿದು, ಬರೆಯದೆ, ಸುಮ್ಮನೆ ಕೂತಿದ್ದೆ. ನನ್ನ ಬಗ್ಗೆ ನನಗೇ ಇಷ್ಟು ಹೇಸಿಗೆ ಬೇರೆ ಯಾವತ್ತೂ ಆಗಿಲ್ಲ.

ಅಷ್ಟರಲ್ಲಿ ಅವರದೇ ಫೋನ್ ಬಂತು. ಗುಡ್ಡದ ಮೇಲೆ ಹತ್ತಿ ಮಾಡಿದ್ದರು, ಏದುಸಿರು.

‘ಲೈನ್ ಚಾರ್ಜ್ ಮಾಡಿದ್ರಾ ಸರ್?’

‘ಅಣ್ಣ, ನಿಮಗೆ...’ ಅಂದೆ.

‘ನಂಗೆ ಎಂತ ಆಗ್ಲಿಲ್ಲ. ಅರ್ತಿಂಗ್ ಇತ್ತು, ಸರಪಳೀಲಿ ಕಿಡಿ ಹಾರ್ತು. ಇನ್ನೂ ಅರ್ಧ ಗಂಟೆ ಕೆಲಸ ಉಂಟು. ನಾನು ಹೇಳೋ ತನಕ ಹಾಕ್ಬೇಡಿ.’

ಹೋಗಿ ಉಳಿದ ಕೆಲಸ ಮುಗಿಸಿದರು, ಕಣ್ರೀ! ಎಲ್‌ಸಿ ವಾಪಸ್ ಕೊಟ್ಟರು, ನಾನು ಕರೆಂಟ್ ಬಿಟ್ಟೆ. ಈ ಮಧ್ಯೆ ಶಾಖಾಧಿಕಾರಿಗಳು ಫೋನ್ ಮಾಡಿ ಟ್ರಿಪ್ ಯಾಕಾಯ್ತು ಅಂತ ವಿಚಾರಿಸಿದರು. ಮರದ ಕೊಂಬೆ ತಾಗಿರಬೇಕು ಸರ್, ಅಂದುಬಿಟ್ಟೆ. ನಾಳೆ ಹತ್ತು ಗಂಟೆಗೆ ಘಾಟಿ ಲೈನ್‌ಮನ್ನನ್ನೂ ಕರೆದುಕೊಂಡು ಬಾ, ಕೇಳಬೇಕು, ಅಂದರು.

ಸಂಜೆ ಐದೂವರೆಗೆ ಅವರು ಸ್ಟೇಷನ್ನಿಗೆ ಬಂದರು. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂತ ನಿಂತಿದ್ದೆ. ಬೈಯಲಿಲ್ಲ. ಚೀಲ ಇಳಿಸಿ, ನೀರು ಕುಡಿದು, ಎದುರಿನ ಬೆಂಚಿನಲ್ಲಿ ಕೂತರು. ನಾನು ಅವರ ಕಾಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಸಾಹೇಬರಿಗೆ ಕೊಂಬೆ ಅಂತ ಹೇಳಿದ್ದೇನೆ, ನೀವೂ ಹಾಗೇ ಹೇಳಿ ಅಣ್ಣ, ಅಂತ ಬೇಡಿಕೊಂಡೆ. ಪ್ರೊಬೇಷನ್ ಅಂದೆ, ತಂಗಿಯ ಮದುವೆ ಅಂದೆ. ಎಲ್ಲ ಕೇಳಿಸಿಕೊಂಡರು.

‘ನಾಳೆ ಕೇಳಿದ್ರೆ ನಾನು ಸುಳ್ಳು ಹೇಳೋದಿಲ್ಲ,’ ಅಂದರು. ‘ಅವರು ಕೇಳೋದಕ್ಕೆ ಮೊದಲೇ ನೀವು ಹೇಳಿಬಿಡಿ. ಅಷ್ಟೇ ನಾನು ಕೇಳೋದು.’

ನನಗೆ ಸಿಟ್ಟು ನೆತ್ತಿಗೇರಿತು. ಬದುಕಿ ಬಂದಿದ್ದೀರಲ್ಲ, ನಿಮ್ಮದೇನು ಹೋಯಿತು, ದಿನಾ ಶಿಲುಬೆ ಹಾಕಿಕೊಳ್ಳುತ್ತೀರಲ್ಲ, ಕ್ಷಮಿಸು ಅಂತ ನಿಮ್ಮ ದೇವರು ಹೇಳಿಲ್ಲವಾ ಅಂತ ಕೂಗಾಡಿದೆ. ಅವರ ದನಿ ಏರಲಿಲ್ಲ.

‘ಕ್ಷಮಿಸಿದ್ದು ಕಂಬದ ಮೇಲೇ ಆಯ್ತು ಮಾರಾಯ್ರೆ. ಇದು ಆ ವಿಷಯ ಅಲ್ಲ. ನಾನು ಅರ್ತಿಂಗ್ ಹಾಕ್ತೀನಿ, ಉಳಿದೋರು ಹಾಕೋದಿಲ್ಲ. ಇವತ್ತಿಂದು ಮುಚ್ಚಿಟ್ರೆ ನಾಳೆ ಅವರಲ್ಲಿ ಒಬ್ಬನ ಹೆಂಡ್ತಿ ಬಂದು ಈ ಮೇಜಿನ ಮುಂದೆ ನಿಲ್ತಾಳೆ. ಅವಳಿಗೂ ಕೊಂಬೆ ಅಂತ ಹೇಳ್ತೀರಾ?’

ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಮಾರನೇ ದಿನ ಒಂಬತ್ತೂವರೆಗೇ ನಾನು ಶಾಖಾ ಕಚೇರಿಯಲ್ಲಿದ್ದೆ. ಧೈರ್ಯ ಬಂದು ಹೋಗಿದ್ದಲ್ಲ. ಹೇಗೂ ಅವರು ಹೇಳುತ್ತಾರೆ, ಅವರ ಬಾಯಿಂದ ಬರುವುದಕ್ಕಿಂತ ನನ್ನ ಬಾಯಿಂದ ಬರಲಿ, ಅಷ್ಟೇ ನನ್ನ ಲೆಕ್ಕಾಚಾರ. ನೋಡಿದರೆ ಅವರು ಆಗಲೇ ಜಗುಲಿಯ ಮೇಲೆ ಕೂತಿದ್ದಾರೆ. ಒಳಗೆ ಹೋಗಿರಲಿಲ್ಲ, ನನಗಾಗಿ ಕಾಯುತ್ತಿದ್ದರು. ಇಬ್ಬರೂ ಒಳಗೆ ಹೋದೆವು. ನಾನೇ ಹೇಳಿದೆ: ಎಲ್‌ಸಿ ಕೊಟ್ಟಿದ್ದು, ಬರೆಯದೆ ಇದ್ದಿದ್ದು, ಕರೆಂಟ್ ಬಿಟ್ಟಿದ್ದು, ಕೊಂಬೆ ಅಂತ ಸುಳ್ಳು ಹೇಳಿದ್ದು. ಪುಸ್ತಕ ನೋಡಿ ಆದ ಸಮಾಧಾನವನ್ನು ಮಾತ್ರ ಹೇಳಲಿಲ್ಲ. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಸಾಹೇಬರು ಕೆಂಡಾಮಂಡಲವಾದರು. ಇಂಥವರನ್ನು ಇವತ್ತೇ ಮನೆಗೆ ಕಳಿಸಬೇಕು, ಇವನ ಕೈಯಲ್ಲಿ ಯಾರ ಪ್ರಾಣ ಕೊಡೋದು, ಅಂತ ಕಾಗದ ಎಳೆದುಕೊಂಡರು. ಆಗ ಇವರು ಒಂದೇ ಮಾತು ಆಡಿದರು.

‘ನನ್ನದು ಕೊಡ್ತೀನಿ ಸರ್. ನಾಳೆ ಘಾಟಿ ಲೈನಲ್ಲಿ ಇನ್ನೂ ಕೆಲಸ ಉಂಟು. ಇವರು ಡ್ಯೂಟೀಲಿ ಇದ್ರೆ, ಇವರ ಹತ್ರಾನೇ ಎಲ್‌ಸಿ ತಗೊಂಡು ಹತ್ತುತ್ತೀನಿ.’

ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ಅವರನ್ನೂ ನನ್ನನ್ನೂ ನೋಡಿದರು. ಕೊನೆಗೆ ಮೆಮೊ ಕೊಟ್ಟರು, ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಕೆಲಸ ಉಳಿಯಿತು. ತಂಗಿಯ ಮದುವೆಯೂ ಆಯಿತು, ಅವಳ ಗಂಡನಿಗೆ ಈ ಕತೆ ಇವತ್ತಿಗೂ ಗೊತ್ತಿಲ್ಲ, ಓದಿದರೆ ಓದಲಿ.

ಆ ಮಧ್ಯಾಹ್ನವೇ ಅವರು ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಚು ತಿಕ್ಕಿ ನುಣುಪು ಮಾಡಿ, ಕೆಂಪು ಬಳಿದು, ಒಂದೊಂದರ ಮೇಲೂ ಒಬ್ಬೊಬ್ಬ ಲೈನ್‌ಮನ್ನಿನ ಹೆಸರು ಬರೆದು ತಂದರು. ಎಲ್‌ಸಿ ಕೊಟ್ಟ ಕೂಡಲೇ ಆ ತಗಡನ್ನು ಸ್ವಿಚ್ಚಿನ ಹಿಡಿಗೆ ನೇತುಹಾಕಬೇಕು, ವಾಪಸ್ ಬಂದ ಮೇಲೆ ತೆಗೆಯಬೇಕು. ಹಿಡಿಯಲ್ಲಿ ಒಂದು ತಗಡಿದ್ದರೂ ಕೈ ಹಾಕುವಂತಿಲ್ಲ. ತಗಡಿನ ಅಕ್ಷರ ಎಷ್ಟು ಅಂದವಾಗಿತ್ತೆಂದರೆ, ಹಬ್ಬಕ್ಕೆ ಬರೆಸಿದ ಹಾಗಿತ್ತು.

ಅದರ ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಫೋನ್ ಬಂತು. ‘ಸರ್, ಘಾಟಿ ಲೈನ್ ಎಲ್‌ಸಿ ಕೊಡಿ.’ ನಾನು ಲೈನ್ ತೆಗೆದೆ, ಪುಸ್ತಕದಲ್ಲಿ ಬರೆದೆ, ತಗಡು ನೇತುಹಾಕಿದೆ. ಕೊಟ್ಟಿದ್ದೇನೆ ಅನ್ನುವ ಮೊದಲು ತಗಡಿನ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದೆ. ಅವರು ಅವಸರ ಮಾಡಲಿಲ್ಲ, ಆಚೆ ಕಡೆ ಕಾದರು. ಕೊನೆಗೂ ಹೇಳಿದೆ. ‘ಆಯ್ತು ಸರ್, ಹತ್ತುತ್ತೀನಿ’ ಅಂದು ಫೋನ್ ಇಟ್ಟರು. ಒಂದು ಗಂಟೆ ನಾನು ಆ ಹಿಡಿಯ ಮುಂದೆಯೇ ನಿಂತಿದ್ದೆ, ಅವರದ್ದು ಬರುವ ತನಕ ಯಾವ ಫೋನನ್ನೂ ಎತ್ತಲಿಲ್ಲ.

ಆಮೇಲೆ ನನ್ನನ್ನು ಆಗುಂಬೆ ಕಡೆಯ ಸ್ಟೇಷನ್ನಿಗೆ ಹಾಕಿದರು. ಅರ್ಜಿ ಹಾಕಿದ ಪರೀಕ್ಷೆಗಳಿಗೆ ನಾನು ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಮನಸ್ಸಾಗಲಿಲ್ಲ ಅಷ್ಟೇ. ಮಾಡುತ್ತಿರುವ ಕೆಲಸವನ್ನೇ ಒಮ್ಮೆ ಸರಿಯಾಗಿ ಕಲಿಯೋಣ ಅನ್ನಿಸಿತ್ತು. ಅವರು ಲೈನ್‌ಮನ್ ಆಗಿಯೇ ನಿವೃತ್ತರಾಗಿ ಕಾರ್ಗಲ್ಲಿಗೆ ಹೋದರು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ.

ಸಾಯುವುದಕ್ಕೆ ಮೂರು ವಾರ ಮೊದಲು ಸಾಗರದ ಆಸ್ಪತ್ರೆಯಲ್ಲಿದ್ದರು. ಮೈ ಸೊರಗಿ ಅರ್ಧವಾಗಿತ್ತು. ಅಕ್ಕ ಗಂಜಿ ತರಲು ಹೊರಗೆ ಹೋದಾಗ ಮಂಚದ ಪಕ್ಕ ಕೂತು, ಹನ್ನೆರಡು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ. ಆ ಇಪ್ಪತ್ತು ನಿಮಿಷ, ಪುಸ್ತಕದ ಖಾಲಿ ಸಾಲು, ನಿಮ್ಮ ತಲೆಯ ಮೇಲೆ ತಪ್ಪು ಹೊರಿಸಬಹುದು ಅಂತ ನನಗಾದ ಸಮಾಧಾನ.

‘ಗೊತ್ತಿತ್ತು,’ ಅಂದರು. ‘ಸಂಜೆ ಬಂದಾಗ ಪುಸ್ತಕ ತೆರೆದೇ ಇತ್ತಲ್ಲ. ನನ್ನ ಹೆಸರು ಆಗಲೂ ಬರೆದಿರಲಿಲ್ಲ ನೀವು.’

‘ಗೊತ್ತಿದ್ದೂ ಮತ್ತೆ ನನ್ನ ಮಾತು ನಂಬಿ ಹತ್ತಿದ್ರಾ ಅಣ್ಣ?’

‘ಹೆದರಿಕೆ ಆಗಿತ್ತು. ಮೊದಲನೇ ಸಲ ಕಂಬ ಹತ್ತೋಕೆ ಹೆದರಿಕೆ ಆಗಿದ್ದು ಅವತ್ತು.’ ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. ‘ಆದ್ರೆ ನಾನು ಹತ್ತದೇ ಇದ್ದಿದ್ರೆ ನೀವು ಜನ್ಮದಲ್ಲಿ ಇನ್ನೊಬ್ಬರಿಗೆ ಎಲ್‌ಸಿ ಕೊಡ್ತಿರಲಿಲ್ಲ ಸರ್.’

ನನಗೆ ತಡೆಯಲಾಗಲಿಲ್ಲ. ಆ ವಾರ್ಡಿನಲ್ಲಿ, ಅಷ್ಟು ಜನರ ಮುಂದೆ, ನಲವತ್ತು ದಾಟಿದ ಗಂಡಸು ಅತ್ತುಬಿಟ್ಟೆ. ಅವರು ಸ್ವಲ್ಪ ಹೊತ್ತು ಸಹಿಸಿಕೊಂಡರು, ಆಮೇಲೆ ಮುಖ ಸಿಂಡರಿಸಿದರು.

‘ಎಂತ ಮಾರಾಯ್ರೆ ಇದು. ನಾಳೆ ಬೆಳಿಗ್ಗೆ ಡ್ಯೂಟಿ ಇಲ್ವಾ ನಿಮಗೆ? ಹೋಗಿ, ಬಸ್ಸು ತಪ್ತದೆ.’

ಇತ್ತು. ಕಣ್ಣು ಒರೆಸಿಕೊಂಡು ಹೋದೆ.